ಬಾವುಟ ನೆಟ್ಟ ಪತ್ರಕರ್ತರು

1995ರ ಕ್ರಿಸ್‌ಮಸ್ ಹೊತ್ತು. ಟರ್ಕಿಯಲ್ಲಿ ಡಿಸೆಂಬರ್ 24ರಂದು ಸಾರ್ವತ್ರಿಕ ಚುನಾವಣೆ ನಡೆದು, ಯಾರಿಗೂ ಬಹುಮತ ಬಾರದೆ ರಾಜಧಾನಿ ಅಂಕಾರಾ ಗೊಂದಲದಲ್ಲಿತ್ತು. ಅದೇ ಹೊತ್ತಿಗೆ ಏಜಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ ಹೋಗುತ್ತಿದ್ದ ‘ಫಿಗೆನ್ ಅಕಾತ್’ ಎಂಬ ಟರ್ಕಿಯ ಸರಕು ಹಡಗು ಎರಡು ಬೋಳು ಬಂಡೆಗಳ ಬಳಿ ನೆಲಕ್ಕೆ ಸಿಕ್ಕಿಕೊಂಡಿತು. ಗ್ರೀಸ್‌ನ ಕರಾವಳಿ ಕಾವಲು ಪಡೆ ನೆರವಿಗೆ ಬರುತ್ತೇವೆ ಎಂದಿತು. ಕ್ಯಾಪ್ಟನ್ ಒಪ್ಪಲಿಲ್ಲ. ನಾನಿರುವುದು ಟರ್ಕಿಯ ನೀರಿನಲ್ಲಿ, ನನ್ನನ್ನು ಬಿಡಿಸುವುದಾದರೆ ಟರ್ಕಿಯವರೇ ಬಿಡಿಸಲಿ ಎಂದು ಪಟ್ಟು ಹಿಡಿದ. ಎರಡು ದೇಶಗಳ ಅಧಿಕಾರಿಗಳು ಮಾತಾಡಿಕೊಂಡ ಮೇಲೆ ಗ್ರೀಕ್ ಟಗ್‌ಬೋಟುಗಳೇ ಹಡಗನ್ನು ಎಳೆದು ತೇಲಿಸಿ ಟರ್ಕಿಯ ಗುಲ್ಲುಕ್ ಬಂದರಿಗೆ ಮುಟ್ಟಿಸಿದವು. ಯಾರಿಗೂ ಪೆಟ್ಟಾಗಿರಲಿಲ್ಲ. ಐದು ವಾರ ಕಳೆಯುವಷ್ಟರಲ್ಲಿ ಅದೇ ಬಂಡೆಗಳ ಸುತ್ತ ಎರಡೂ ದೇಶಗಳ ಯುದ್ಧನೌಕೆಗಳು ಎದುರುಬದುರು ನಿಂತಿದ್ದವು.

ಗ್ರೀಕರು ಇಮಿಯಾ ಎಂದೂ ತುರ್ಕರು ಕಾರ್ದಾಕ್ ಎಂದೂ ಕರೆಯುವ ಈ ಜೋಡಿ ದ್ವೀಪಗಳು ಎರಡೂ ಸೇರಿ ಸುಮಾರು ಹತ್ತು ಎಕರೆ. ಮಂಡ್ಯದ ಕಡೆಯ ಒಬ್ಬ ಮಧ್ಯಮ ರೈತನ ಹಿಡುವಳಿ ಎನ್ನಬಹುದು, ಆದರೆ ಬೆಳೆ ಬೆಳೆಯುವ ಮಣ್ಣಿಲ್ಲ. ಅಲ್ಲಿ ಮನುಷ್ಯರ ವಾಸವಿಲ್ಲ. ಪಶ್ಚಿಮಕ್ಕೆ ಐದೂವರೆ ನಾಟಿಕಲ್ ಮೈಲಿ ದೂರದಲ್ಲಿ ಗ್ರೀಸ್‌ನ ಕಾಲಿಮ್ನೋಸ್ ದ್ವೀಪ. ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುವವರ ಊರೆಂದೇ ಅದು ಹೆಸರುವಾಸಿ. ಅಲ್ಲಿಯ ಕುರುಬನೊಬ್ಬ ಈ ಬಂಡೆಗಳ ಮೇಲೆ ಮೇಕೆಗಳನ್ನು ಬಿಟ್ಟು ಮೇಯಿಸುತ್ತಿದ್ದ. ಪೂರ್ವಕ್ಕೆ ನಾಲ್ಕು ಮೈಲಿಯೊಳಗೇ ಟರ್ಕಿಯ ಬೊದ್ರುಮ್ ಪರ್ಯಾಯ ದ್ವೀಪ. ಇತಿಹಾಸದ ಪಿತಾಮಹ ಎನಿಸಿಕೊಂಡ ಹೆರೊಡೊಟಸ್ ಹುಟ್ಟಿದ ಹಾಲಿಕಾರ್ನಾಸಸ್ ಎಂದರೆ ಇದೇ ಬೊದ್ರುಮ್.

ಡಿಸೆಂಬರ್ 29ರಂದು ಟರ್ಕಿಯ ವಿದೇಶಾಂಗ ಇಲಾಖೆ ಗ್ರೀಸ್‌ಗೆ ಒಂದು ರಾಜತಾಂತ್ರಿಕ ಪತ್ರ ಕಳಿಸಿತು. ಈ ಬಂಡೆಗಳು ಮೂಲಾ ಪ್ರಾಂತ್ಯದ ಬೊದ್ರುಮ್ ಜಿಲ್ಲೆಯ ಭೂದಾಖಲೆಯಲ್ಲಿ ನಮ್ಮ ಹೆಸರಿಗಿವೆ ಎಂಬುದು ಅದರ ಸಾರ. ಜನವರಿಯಲ್ಲಿ ಗ್ರೀಸ್ ಉತ್ತರ ಕೊಟ್ಟಿತು. ಸುತ್ತಲಿನ ದೊದೆಕಾನೀಸ್ ದ್ವೀಪಸ್ತೋಮ ಇಟಲಿಯ ಕೈಯಲ್ಲಿದ್ದ ಕಾಲದಲ್ಲಿ, 1932ರ ಡಿಸೆಂಬರ್ 28ರಂದು, ಇಟಲಿ ಮತ್ತು ಟರ್ಕಿಯ ಅಧಿಕಾರಿಗಳು ಕೂತು ಗಡಿ ಗುರುತಿಸಿ ಒಂದು ಒಪ್ಪಂದಪತ್ರಕ್ಕೆ ಸಹಿ ಹಾಕಿದ್ದರು. ಅದರಲ್ಲಿ ಈ ಬಂಡೆಗಳು ಇಟಲಿಯ ಪಾಲಿಗಿವೆ. 1947ರ ಪ್ಯಾರಿಸ್ ಶಾಂತಿ ಒಪ್ಪಂದದಲ್ಲಿ ಇಟಲಿ ದೊದೆಕಾನೀಸ್ ದ್ವೀಪಗಳನ್ನೂ ಪಕ್ಕದ ಕಿರುದ್ವೀಪಗಳನ್ನೂ ಗ್ರೀಸ್‌ಗೆ ಬಿಟ್ಟುಕೊಟ್ಟಿತು. ಆದ್ದರಿಂದ ಇವು ನಮ್ಮವು ಎಂದಿತು ಗ್ರೀಸ್. ಟರ್ಕಿಯ ಮರುಮಾತು ಹೀಗಿತ್ತು: ಇಟಲಿಯ ಜೊತೆಗಿನ 1932ರ ಜನವರಿಯ ಒಪ್ಪಂದವನ್ನು ಒಪ್ಪುತ್ತೇವೆ, ಡಿಸೆಂಬರಿನದು ಅಧಿಕಾರಿಗಳ ಮಟ್ಟದ ಕಾಗದ, ನಮ್ಮ ಸಂಸತ್ತು ಅದಕ್ಕೆ ಮುದ್ರೆ ಒತ್ತಿಲ್ಲ, ರಾಷ್ಟ್ರ ಸಂಘದಲ್ಲಿ ಅದು ನೋಂದಣಿಯೂ ಆಗಿಲ್ಲ.

ಎರಡನ್ನೂ ಎದುರಿಟ್ಟು ನೋಡಿದರೆ ಗ್ರೀಸ್‌ನ ಕಾಗದಗಳೇ ಗಟ್ಟಿ ಎಂದು ನನಗನಿಸುತ್ತದೆ. ಆದರೆ ಟರ್ಕಿಯದು ಗಾಳಿಮಾತಾಗಿರಲಿಲ್ಲ, ವಕೀಲರು ವಾದಿಸಬಹುದಾದ ವಾದವೇ ಆಗಿತ್ತು. ನ್ಯಾಯಾಲಯದ ಮುಂದೆ ವರ್ಷಗಟ್ಟಲೆ ನಡೆಯಬಹುದಾಗಿದ್ದ ಒಂದು ಗಡಿ ತಕರಾರು ಇದು. ಒಂದು ತಿಂಗಳು ಅದು ನಡೆದದ್ದೂ ಹಾಗೆಯೇ, ಟೈಪ್ ಮಾಡಿದ ಹಾಳೆಗಳ ಮೇಲೆ.

ಹತ್ತು ಎಕರೆ ಬಂಡೆಗೆ ಇಷ್ಟೊಂದು ಕಾಗದ ಯಾಕೆ ಎಂದರೆ, ಜಗಳವಿದ್ದದ್ದು ಬಂಡೆಯದ್ದಲ್ಲ, ಅದರ ಸುತ್ತಲಿನ ನೀರಿನದು, ನೀರಿನ ಕೆಳಗಿನ ನೆಲದ್ದು. ಏಜಿಯನ್‌ನಲ್ಲಿ ಗ್ರೀಸ್‌ಗೆ ಸೇರಿದ ದ್ವೀಪಗಳು ಟರ್ಕಿಯ ದಡದ ಬಾಗಿಲವರೆಗೂ ಹರಡಿಕೊಂಡಿವೆ. ಎರಡೂ ದೇಶಗಳು ಅಲ್ಲಿ ಆರು ಮೈಲಿಯ ಪ್ರಾದೇಶಿಕ ಸಮುದ್ರ ಇಟ್ಟುಕೊಂಡಿದ್ದವು. ಹೊಸ ಅಂತರರಾಷ್ಟ್ರೀಯ ಸಮುದ್ರ ಕಾನೂನು 1994ರ ನವೆಂಬರ್‌ನಲ್ಲಿ ಜಾರಿಗೆ ಬಂದು ಹನ್ನೆರಡು ಮೈಲಿಯವರೆಗೆ ಅವಕಾಶ ಕೊಟ್ಟಿತು. 1995ರ ಜೂನ್ ಆರಂಭದಲ್ಲಿ ಗ್ರೀಸ್ ಅದನ್ನು ಅನುಮೋದಿಸಿತು. ಒಂದೇ ವಾರದಲ್ಲಿ ಟರ್ಕಿಯ ಸಂಸತ್ತು, ಗ್ರೀಸ್ ಏಜಿಯನ್‌ನಲ್ಲಿ ಹನ್ನೆರಡು ಮೈಲಿಗೆ ಕೈಹಾಕಿದರೆ ಅದನ್ನು ಯುದ್ಧಕ್ಕೆ ಕಾರಣವೆಂದೇ ಎಣಿಸುವುದಾಗಿ ನಿರ್ಣಯ ಮಾಡಿತು. ಇದಕ್ಕೂ ಹಿಂದೆ 1976ರಲ್ಲಿ ಮತ್ತು 1987ರಲ್ಲಿ ಸಮುದ್ರದಡಿಯ ಎಣ್ಣೆ ಹುಡುಕುವ ಹಡಗುಗಳ ವಿಷಯಕ್ಕೆ ಎರಡೂ ಸೇನೆಗಳು ತುದಿಗಾಲಲ್ಲಿ ನಿಂತಿದ್ದವು. ಹೀಗೆ ಒಣಗಿದ ಹುಲ್ಲಿನಂತಿದ್ದ ಸಂಗತಿ ಇದೆಂದು ಅಥೆನ್ಸ್ ಮತ್ತು ಇಸ್ತಾನ್‌ಬುಲ್‌ನ ಪ್ರತಿಯೊಬ್ಬ ಸಂಪಾದಕನಿಗೂ ತಿಳಿದಿತ್ತು. ಆಮೇಲೆ ಆದದ್ದನ್ನು ಅರಿವಿಲ್ಲದೆ ಆದ ತಪ್ಪೆಂದು ಕ್ಷಮಿಸಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

ಎರಡೂ ಕಡೆ ಸರ್ಕಾರಗಳು ಬಲಹೀನವಾಗಿದ್ದವು. ಅಥೆನ್ಸ್‌ನಲ್ಲಿ ಆಂದ್ರೆಯಾಸ್ ಪಾಪಾಂದ್ರೆಯು ಎರಡು ತಿಂಗಳು ಆಸ್ಪತ್ರೆಯ ಹಾಸಿಗೆಯಿಂದಲೇ ಪ್ರಧಾನಿಯಾಗಿದ್ದು ಜನವರಿ ಮಧ್ಯದಲ್ಲಿ ರಾಜೀನಾಮೆ ಕೊಟ್ಟರು. ಅವರ ಪಕ್ಷ ಕೋಸ್ತಾಸ್ ಸಿಮಿತಿಸ್ ಅವರನ್ನು ಆರಿಸಿತು. ಮೆತ್ತಗಿನ ಮಾತಿನ ಪ್ರಾಧ್ಯಾಪಕ, ದೇಶಾಭಿಮಾನದ ಅಬ್ಬರ ಗೊತ್ತಿಲ್ಲದವರು ಎಂದು ಸ್ವಂತ ಪಕ್ಷದಲ್ಲೇ ಅವರ ಬಗ್ಗೆ ಗೊಣಗಾಟವಿತ್ತು. ಅಂಕಾರಾದಲ್ಲಿ ತಾನ್ಸು ಚಿಲ್ಲರ್ ಚುನಾವಣೆಯಲ್ಲಿ ಹಿನ್ನಡೆ ಕಂಡು, ಹೊಸ ಸರ್ಕಾರ ರಚನೆಯಾಗುವವರೆಗೆ ಉಸ್ತುವಾರಿ ಪ್ರಧಾನಿಯಾಗಿ ಕುರ್ಚಿ ಕಾಯುತ್ತಿದ್ದರು. ಮೆತ್ತಗಾದರು ಎನಿಸಿಕೊಳ್ಳುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಸುದ್ದಿಯ ಲೋಕವೂ ಆಗಷ್ಟೇ ಬುಡಮೇಲಾಗಿತ್ತು. ಗ್ರೀಸ್‌ನಲ್ಲಿ ಖಾಸಗಿ ಟಿವಿ ಶುರುವಾದದ್ದು 1989ರ ಕೊನೆಯಲ್ಲಿ, ಮೆಗಾ ಮತ್ತು ಆಂಟೆನ್ನಾ ವಾಹಿನಿಗಳೊಂದಿಗೆ. ಟರ್ಕಿಯಲ್ಲಿ 1990ರಲ್ಲಿ ಹೊರದೇಶದಿಂದ ಉಪಗ್ರಹದ ಮೂಲಕ ಖಾಸಗಿ ಪ್ರಸಾರ ನುಗ್ಗಿತು. ಸಂವಿಧಾನ ತಿದ್ದಿ ಅದಕ್ಕೆ ಅನುಮತಿ ಕೊಟ್ಟದ್ದು 1993ರಲ್ಲಿ. ಐದಾರು ವರ್ಷದ ಹಿಂದೆ ಸರ್ಕಾರಿ ವಾರ್ತೆ ಮಾತ್ರ ನೋಡುತ್ತಿದ್ದ ಮನೆಗಳಲ್ಲಿ ಈಗ ಸಂಜೆಯಾದರೆ ವಾಹಿನಿಗಳ ಪೈಪೋಟಿ. ಟರ್ಕಿಯ ಪತ್ರಿಕೆಗಳದಂತೂ ಬೇರೆಯೇ ಯುದ್ಧ: ಕೂಪನ್ ಕತ್ತರಿಸಿ ಕಳಿಸಿದವರಿಗೆ ವಿಶ್ವಕೋಶ, ಊಟದ ತಟ್ಟೆ, ಟಿವಿ ಸೆಟ್ಟು ಕೊಟ್ಟು ಪ್ರಸಾರ ಸಂಖ್ಯೆ ಏರಿಸಿಕೊಳ್ಳುತ್ತಿದ್ದ ಕಾಲವದು.

ಜನವರಿ 20ರಂದು ಗ್ರೀಸ್‌ನ ‘ಗ್ರಾಮ್ಮಿ’ ಎಂಬ ನಿಯತಕಾಲಿಕ ಆ ರಾಜತಾಂತ್ರಿಕ ಪತ್ರಗಳ ಸುದ್ದಿಯನ್ನು ಹೊರಗೆ ಹಾಕಿತು. 24ರಂದು ಆಂಟೆನ್ನಾ ಅದನ್ನು ಸಂಜೆಯ ವಾರ್ತೆಗೆ ತಂದಿತು. ಸುದ್ದಿ ಹೊರಬಂದದ್ದು ತಪ್ಪಲ್ಲ. ನೆರೆಯ ದೇಶ ತಮ್ಮ ನೆಲವನ್ನು ತನ್ನದೆನ್ನುತ್ತಿದೆ ಎಂದು ತಿಳಿಯುವ ಹಕ್ಕು ಗ್ರೀಕರಿಗಿತ್ತು. ವಾರಗಟ್ಟಲೆ ಮುಚ್ಚಿಟ್ಟದ್ದೇ ಸರ್ಕಾರದ ತಪ್ಪು. ಆದರೆ ಸುದ್ದಿ ಬಂದ ರೀತಿ ನೋಡಿ. ಟರ್ಕಿ ಕೇಳುತ್ತಿದೆ ಎಂಬುದು ಬಂತು, ಯಾವ ಆಧಾರದ ಮೇಲೆ ಕೇಳುತ್ತಿದೆ ಎಂಬುದು ಹಿಂದೆ ಉಳಿಯಿತು. ಕಾನೂನಿನ ತಕರಾರು ಪರದೆಯ ಮೇಲೆ ಬರುವಾಗ ದಂಡಯಾತ್ರೆಯಾಗಿತ್ತು. ಅಧಿಕಾರಕ್ಕೆ ಬಂದು ಎರಡೇ ದಿನವಾಗಿದ್ದ ಹೊಸ ಪ್ರಧಾನಿ ಏನು ಮಾಡುತ್ತಾರೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು.

ಒಂದೆರಡು ದಿನದಲ್ಲಿ ಕಾಲಿಮ್ನೋಸ್‌ನ ಮೇಯರ್ ದೋಣಿ ಹತ್ತಿ, ಜೊತೆಗೆ ಒಬ್ಬ ಪಾದ್ರಿಯನ್ನೂ ಕರೆದುಕೊಂಡು ಹೋಗಿ, ಬಂಡೆಯ ಮೇಲೆ ಗ್ರೀಕ್ ಬಾವುಟ ಹಾರಿಸಿದರು. ಅಥೆನ್ಸ್‌ನ ಸರ್ಕಾರ ಅದನ್ನು ಮಾಡಿರಲಿಲ್ಲ. ಒಂದು ಊರಿನ ಆಡಳಿತಗಾರ, ಟಿವಿ ನೋಡಿ ಕುದಿಯುತ್ತಿದ್ದ ತನ್ನ ಜನರ ಪರವಾಗಿ ಮಾಡಿದ್ದು. ಅಲ್ಲಿಗೆ ನಿಂತಿದ್ದರೆ ಅದು ಸ್ಥಳೀಯ ಪುಟದ ಒಂದು ಚಿತ್ರವಾಗಿ ಮುಗಿಯುತ್ತಿತ್ತು.

ಜನವರಿ 27, ಶನಿವಾರ. ಟರ್ಕಿಯ ‘ಹುರಿಯೆತ್’ ದಿನಪತ್ರಿಕೆಯ ತಂಡವೊಂದು ಹೆಲಿಕಾಪ್ಟರ್‌ನಲ್ಲಿ ಬಂದು ಅದೇ ಬಂಡೆಯ ಮೇಲಿಳಿಯಿತು. 1948ರಲ್ಲಿ ಸೆದಾತ್ ಸಿಮಾವಿ ಹುಟ್ಟುಹಾಕಿದ, ದೇಶದಲ್ಲೇ ಅತಿ ಹೆಚ್ಚು ಓದಿಸಿಕೊಳ್ಳುವ ಪತ್ರಿಕೆಗಳಲ್ಲಿ ಒಂದು ಅದು. ಟರ್ಕಿ ತುರ್ಕರದು ಎಂಬ ಘೋಷವಾಕ್ಯ ಅದರ ಹೆಸರಿನ ಪಕ್ಕದಲ್ಲೇ ದಿನವೂ ಅಚ್ಚಾಗುತ್ತಿತ್ತು. ಇಳಿದವರು ವರದಿಗಾರರು, ಛಾಯಾಗ್ರಾಹಕರು. ಅವರು ಗ್ರೀಕ್ ಬಾವುಟವನ್ನು ಕೆಳಗಿಳಿಸಿದರು. ತಂದಿದ್ದ ಟರ್ಕಿಯ ಕೆಂಪು ಬಾವುಟವನ್ನು ಅದೇ ಜಾಗದಲ್ಲಿ ನೆಟ್ಟರು. ಅದರ ಫೋಟೋ ತೆಗೆದುಕೊಂಡು ಹೋದರು. ಭಾನುವಾರದ ಮುಖಪುಟದಲ್ಲಿ ಆ ಫೋಟೋ ಬಂತು. ಟಿವಿಗಳಲ್ಲೂ ಆ ದೃಶ್ಯ ಓಡಿತು.

ಈ ಘಟನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಪಕ್ಷಪಾತ ಎಂದಾಗ ನಾವು ಸಾಮಾನ್ಯವಾಗಿ ಯೋಚಿಸುವುದು ತಲೆಬರಹದ ಧಾಟಿಯ ಬಗ್ಗೆ, ಯಾರ ಮಾತಿಗೆ ಎಷ್ಟು ಜಾಗ ಕೊಟ್ಟರು ಎಂಬುದರ ಬಗ್ಗೆ. ಇಲ್ಲಿ ಅದೆಲ್ಲ ದಾಟಿ ಹೋಗಿತ್ತು. ಆ ಬೆಳಗ್ಗೆ ಬಂಡೆಯ ಮೇಲೆ ವರದಿ ಮಾಡುವಂಥದ್ದು ಏನೂ ಹೊಸದಾಗಿ ನಡೆದಿರಲಿಲ್ಲ. ಸುದ್ದಿಯಾಗುವಂಥದ್ದು ನಡೆದದ್ದು ವರದಿಗಾರರು ಬಂದಿಳಿದ ಮೇಲೆ, ಅವರ ಕೈಯಿಂದಲೇ. ಸಾಕ್ಷಿ ಹೇಳಬೇಕಾದವರೇ ಕಕ್ಷಿದಾರರಾದರು. ಮರುದಿನ ತಾವು ಮಾಡಿದ್ದನ್ನೇ ನಡೆದ ಸುದ್ದಿ ಎಂದು ಓದುಗರ ಮನೆಗೆ ಮುಟ್ಟಿಸಿದರು. ಒಂದು ಸೇನಾ ತುಕಡಿ ಇದನ್ನು ಮಾಡಿದ್ದರೆ ಅದಕ್ಕೆ ಆಜ್ಞೆ ಕೊಟ್ಟವರು ಯಾರೆಂದು ಸಂಸತ್ತಿನಲ್ಲಿ ಕೇಳಬಹುದಿತ್ತು. ಸುದ್ದಿಮನೆಯ ನಿರ್ಧಾರಕ್ಕೆ ಉತ್ತರ ಕೊಡಬೇಕಾದವರು ಯಾರೂ ಇರಲಿಲ್ಲ.

ಅದರ ಪರಿಣಾಮ ಲೆಕ್ಕ ಹಾಕಿದಷ್ಟೇ ನೇರವಾಗಿ ಬಂತು. ಗ್ರೀಸ್‌ನಲ್ಲಿ ಆ ಚಿತ್ರ ನೋಡಿದ ಯಾರಿಗೂ ಇದೊಂದು ಪತ್ರಿಕೆಯ ಸಾಹಸ ಎಂದು ಅನಿಸುವಂತಿರಲಿಲ್ಲ. ತುರ್ಕರು ಬಂದು ನಮ್ಮ ಬಾವುಟ ಕಿತ್ತರು, ಅಷ್ಟೇ ಕಂಡದ್ದು. 28ರಂದು ಗ್ರೀಕ್ ನೌಕಾಪಡೆಯವರು ಹೋಗಿ ಟರ್ಕಿಯ ಬಾವುಟ ತೆಗೆದು ತಮ್ಮದನ್ನು ಮತ್ತೆ ಏರಿಸಿದರು. ಇದು ಸರ್ಕಾರದ ಸೇನೆ ಮಾಡಿದ್ದು, ಆದ್ದರಿಂದ ಈಗ ಟರ್ಕಿಯ ಸರ್ಕಾರವೂ ಸುಮ್ಮನಿರುವಂತಿರಲಿಲ್ಲ. ಆ ಬಾವುಟ ಇಳಿಯುತ್ತದೆ, ಆ ಸೈನಿಕರು ಹೋಗುತ್ತಾರೆ ಎಂದು ಚಿಲ್ಲರ್ ಬಹಿರಂಗವಾಗಿ ಹೇಳಿದರು. ಸಿಮಿತಿಸ್ ಸಂಸತ್ತಿನಲ್ಲಿ ಅಷ್ಟೇ ಗಡಸಾಗಿ ಉತ್ತರಿಸಿದರು. ಇಬ್ಬರೂ ಹೇಳಿದ್ದು ಎದುರಿನ ದೇಶಕ್ಕಿಂತ ಹೆಚ್ಚಾಗಿ ತಮ್ಮ ತಮ್ಮ ಮನೆಗಳಲ್ಲಿ ಟಿವಿ ಮುಂದೆ ಕೂತಿದ್ದವರಿಗೆ.

ಆ ದಿನಗಳಲ್ಲಿ ಎರಡೂ ಕಡೆಯ ಓದುಗರಿಗೆ ಸಿಗದೆ ಹೋದದ್ದು ಎದುರಿನವರ ವಾದ. 1932ರ ಡಿಸೆಂಬರ್ ಒಪ್ಪಂದದಲ್ಲಿ ತಮ್ಮ ದೇಶದ ಅಧಿಕಾರಿಗಳ ಸಹಿ ಇದೆ ಎಂಬುದನ್ನು ಟರ್ಕಿಯ ಸಾಮಾನ್ಯ ಓದುಗನ ಮುಂದೆ ಎದ್ದು ಕಾಣುವಂತೆ ಇಟ್ಟವರು ವಿರಳ. ಅದು ಸಂಸತ್ತಿನ ಮುಂದೆ ಹೋಗಿಲ್ಲ ಎಂಬ ತಕರಾರಿನಲ್ಲಿ ಏನಾದರೂ ಹುರುಳಿದೆಯೇ ಎಂದು ಗ್ರೀಕ್ ಓದುಗನಿಗೆ ವಿವರಿಸಿದವರೂ ವಿರಳ. ಇದನ್ನು ಬರೆಯಲು ಗುಪ್ತ ದಾಖಲೆ ಬೇಕಿರಲಿಲ್ಲ. ಒಬ್ಬ ಅಂತರರಾಷ್ಟ್ರೀಯ ಕಾನೂನಿನ ಮೇಷ್ಟ್ರಿಗೆ ಫೋನ್ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು. ಅದು ಬಂದಿದ್ದರೆ ಕಾಲಿಮ್ನೋಸ್‌ನ ಓದುಗನಿಗೆ ಎದುರಿನ ದಡದಲ್ಲಿರುವುದು ಹುಚ್ಚರ ಗುಂಪಲ್ಲ, ಕಾಗದ ಹಿಡಿದು ವಾದಿಸುತ್ತಿರುವ ಇನ್ನೊಂದು ಕಕ್ಷಿ ಎಂದು ಗೊತ್ತಾಗುತ್ತಿತ್ತು. ಬೊದ್ರುಮ್‌ನ ಓದುಗನಿಗೂ ಅಷ್ಟೇ.

ದೂರದ ದೇಶಗಳ ಪತ್ರಿಕೆಗಳಿಗೆ ಇದು ಮೇಕೆ ಮೇಯುವ ಬಂಡೆಗಾಗಿ ನಡೆದ ವಿಚಿತ್ರ ಜಗಳವಾಗಿ ಕಂಡಿತು. ಅದೂ ಒಂದು ಬಗೆಯ ಪಕ್ಷಪಾತವೇ. ಇಪ್ಪತ್ತು ವರ್ಷಗಳ ಸಮುದ್ರ ವ್ಯಾಜ್ಯವನ್ನು ಹಳ್ಳಿ ಕೂಗಾಟದ ಮಟ್ಟಕ್ಕೆ ಇಳಿಸಿದರೆ, ಅದರಲ್ಲಿ ಸಾಯಬಹುದಾದವರ ಸಾವೂ ಹಗುರವಾಗಿಬಿಡುತ್ತದೆ.

ಜನವರಿ 30ರ ಹೊತ್ತಿಗೆ ಎರಡೂ ನೌಕಾಪಡೆಗಳ ಹಡಗುಗಳು ಆ ಕಿರಿದಾದ ನೀರಿನಲ್ಲಿ ಒಂದರ ಮಗ್ಗುಲಿಗೊಂದು ಸುತ್ತುತ್ತಿದ್ದವು. ಪೂರ್ವದ ಬಂಡೆಯ ಮೇಲೆ ಗ್ರೀಕ್ ಕಮಾಂಡೊಗಳು ಬಾವುಟ ಕಾಯುತ್ತಿದ್ದರು. ಎರಡೂ ದೇಶಗಳು 1952ರಿಂದ ನೇಟೋ ಸದಸ್ಯರು, ಒಂದೇ ಕೂಟದ ಮಿತ್ರರು. ಆ ರಾತ್ರಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್, ಸಹಾಯಕ ವಿದೇಶಾಂಗ ಕಾರ್ಯದರ್ಶಿ ರಿಚರ್ಡ್ ಹೋಲ್‌ಬ್ರೂಕ್ ಸೇರಿದಂತೆ ವಾಷಿಂಗ್ಟನ್‌ನ ದೊಡ್ಡವರೆಲ್ಲ ಅಥೆನ್ಸ್‌ಗೂ ಅಂಕಾರಾಗೂ ಫೋನ್ ಮಾಡುತ್ತಲೇ ಇದ್ದರು. ತಾವು ಫೋನ್‌ನಲ್ಲಿದ್ದಾಗ ಯುರೋಪು ನಿದ್ದೆಯಲ್ಲಿತ್ತು ಎಂದು ಹೋಲ್‌ಬ್ರೂಕ್ ಆಮೇಲೆ ಬೇಸರದಿಂದ ಹೇಳಿದ್ದುಂಟು.

31ರ ನಸುಕಿನ 1 ಗಂಟೆ 40 ನಿಮಿಷದ ಸುಮಾರಿಗೆ ಟರ್ಕಿಯ ನೌಕಾ ಕಮಾಂಡೊಗಳು ರಬ್ಬರ್ ದೋಣಿಯಲ್ಲಿ ಬಂದು ಕಾವಲಿಲ್ಲದ ಪಶ್ಚಿಮದ ಬಂಡೆ ಹತ್ತಿದರು. ಪೂರ್ವದ ಬಂಡೆಯ ಗ್ರೀಕರ ಮೇಲೆ ಗುಂಡು ಹಾರಿಸದೆಯೇ ಸಮಬಲ ಸಾಧಿಸುವ ಉಪಾಯವದು. ನಿಜಕ್ಕೂ ಅಲ್ಲಿ ಯಾರಾದರೂ ಇಳಿದಿದ್ದಾರೆಯೇ ಎಂದು ನೋಡಿ ಬರಲು ಗ್ರೀಕ್ ಯುದ್ಧನೌಕೆ ‘ನವಾರಿನೋ’ದಿಂದ ಒಂದು ಹೆಲಿಕಾಪ್ಟರ್ ಆ ಕತ್ತಲೆ ಮಳೆಗಾಳಿಯಲ್ಲಿ ಹಾರಿತು. ಇಳಿದಿದ್ದಾರೆ ಎಂದು ವರದಿ ಕೊಟ್ಟು ಹಿಂದಿರುಗುವಾಗ, ಬೆಳಗಿನ ಜಾವ ಐದೂವರೆಯ ಸುಮಾರಿಗೆ, ಅದು ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ಮೂವರು ಅಧಿಕಾರಿಗಳೂ ಸತ್ತರು: ಕ್ರಿಸ್ತೊದೂಲೋಸ್ ಕರಾಥನಾಸಿಸ್, ಪನಾಯೊತಿಸ್ ವ್ಲಾಹಾಕೋಸ್, ಎಕ್ತೋರಸ್ ಯಾಲೋಪ್ಸೋಸ್.

ಬೆಳಗಾಗುವ ಹೊತ್ತಿಗೆ ಅಮೆರಿಕದವರ ಮಧ್ಯಸ್ಥಿಕೆ ಕೈಗೂಡಿತ್ತು. ಹಡಗುಗಳಿರಬಾರದು, ಸೈನಿಕರಿರಬಾರದು, ಬಾವುಟಗಳಿರಬಾರದು. ಎಲ್ಲವೂ ಹಡಗು ಸಿಕ್ಕಿಕೊಂಡ ದಿನ ಹೇಗಿತ್ತೋ ಹಾಗೆ. ಬಂಡೆಗಳು ಯಾರವು ಎಂಬ ಪ್ರಶ್ನೆಗೆ ಅಮೆರಿಕ ಉತ್ತರ ಕೊಡಲಿಲ್ಲ. ಫೆಬ್ರವರಿಯಲ್ಲಿ ಯುರೋಪಿಯನ್ ಸಂಸತ್ತು ಗ್ರೀಸ್‌ನ ಪರವಾಗಿ ನಿರ್ಣಯ ಮಾಡಿತು.

ಅಥೆನ್ಸ್‌ನ ಸಂಸತ್ತಿನಲ್ಲಿ ಸಿಮಿತಿಸ್ ಅಮೆರಿಕ ಸರ್ಕಾರಕ್ಕೆ ಧನ್ಯವಾದ ಹೇಳಿದಾಗ ಸದನ ಕೂಗಾಟದಲ್ಲಿ ಮುಳುಗಿತು. ಯುದ್ಧ ತಪ್ಪಿಸಿದ ಪ್ರಧಾನಿ ಬಾವುಟ ಇಳಿಸಿದ ಪ್ರಧಾನಿಯಾದರು. ಸೇನಾ ಮುಖ್ಯಸ್ಥ ಅಡ್ಮಿರಲ್ ಲಿಂಬೆರಿಸ್ ಹುದ್ದೆ ಕಳೆದುಕೊಂಡರು. ಹೆಲಿಕಾಪ್ಟರ್ ಬಿದ್ದದ್ದು ಅಪಘಾತ ಎಂದು ಅಧಿಕೃತವಾಗಿ ಹೇಳಿದರೂ, ತುರ್ಕರೇ ಹೊಡೆದುರುಳಿಸಿದರು, ಸರ್ಕಾರ ಮುಚ್ಚಿಟ್ಟಿತು ಎಂಬ ಮಾತು ಗ್ರೀಸ್‌ನಲ್ಲಿ ಇವತ್ತಿಗೂ ನಿಂತಿಲ್ಲ. ಹತ್ತು ದಿನ ಅರ್ಧ ಸತ್ಯಗಳನ್ನೇ ಉಣ್ಣಿಸಿದ ಮೇಲೆ ಪೂರ್ತಿ ಸತ್ಯವನ್ನು ಕೊಟ್ಟರೂ ಜನ ನಂಬುವುದು ಹೇಗೆ? ಟರ್ಕಿಯಲ್ಲಿ ಆ ಕಮಾಂಡೊಗಳು ವೀರರಾದರು. ಯಾರಿಗೆ ಸೇರಿದ್ದೆಂದು ಖಚಿತವಿಲ್ಲದ ಇನ್ನಷ್ಟು ಕಿರುದ್ವೀಪಗಳಿವೆ, ಅವು ಬೂದು ವಲಯ ಎಂಬ ವಾದವನ್ನು ಅಂಕಾರಾ ಆ ವರ್ಷದಿಂದ ಎತ್ತಿ ಹಿಡಿಯಿತು. ಅಲ್ಲಿಯವರೆಗೆ ಇಬ್ಬರ ನಡುವಿನ ವ್ಯಾಜ್ಯ ನೀರಿನದಾಗಿತ್ತು. ಇಮಿಯಾದ ನಂತರ ನೆಲದ್ದೂ ಸೇರಿಕೊಂಡಿತು.

ಬಿಕ್ಕಟ್ಟು ಮುಗಿದ ಮರುದಿನ, 1996ರ ಫೆಬ್ರವರಿ 1, ಟರ್ಕಿಯ ಪತ್ರಿಕೋದ್ಯಮಕ್ಕೆ ಬೇರೊಂದು ಕಾರಣಕ್ಕೆ ನೆನಪಿನ ದಿನ. 1979ರ ಅದೇ ತಾರೀಖು ‘ಮಿಲ್ಲಿಯೆತ್’ ಪತ್ರಿಕೆಯ ಸಂಪಾದಕ ಅಬ್ದಿ ಇಪೆಕ್ಚಿ ಇಸ್ತಾನ್‌ಬುಲ್‌ನಲ್ಲಿ ಗುಂಡಿಗೆ ಬಲಿಯಾಗಿದ್ದರು. ಗ್ರೀಸ್ ಜೊತೆ ಸ್ನೇಹ ಸಾಧ್ಯ ಎಂದು ಬರೆಯುತ್ತಿದ್ದ ಸಂಪಾದಕ ಅವರು. ಅವರ ಹೆಸರಿನಲ್ಲಿ ಎರಡು ದೇಶಗಳ ಸ್ನೇಹಕ್ಕಾಗಿ ದುಡಿದವರಿಗೆ ಪ್ರಶಸ್ತಿ ಕೊಡುವ ಏರ್ಪಾಡು ಮಾಡಿದವರು ಗ್ರೀಕರೇ ಆದ ಆಂದ್ರೆಯಾಸ್ ಪೊಲಿತಾಕಿಸ್. ಅಂದರೆ ಬೇರೆ ಥರದ ಪತ್ರಿಕೋದ್ಯಮ ಏಜಿಯನ್ ದಡಗಳಿಗೆ ಅಪರಿಚಿತವೇನೂ ಆಗಿರಲಿಲ್ಲ. ಅದನ್ನು ಮಾಡಿ ತೋರಿಸಿದವರು ಅದೇ ಸುದ್ದಿಮನೆಗಳಲ್ಲಿ ಇದ್ದರು.

ಮೂರೂವರೆ ವರ್ಷದ ಮೇಲೆ ಇದು ಮತ್ತೆ ಸಾಬೀತಾಯಿತು. 1999ರ ಫೆಬ್ರವರಿಯಲ್ಲಿ ಕುರ್ದ್ ನಾಯಕ ಅಬ್ದುಲ್ಲಾ ಓಜಲಾನ್ ನೈರೋಬಿಯಲ್ಲಿ ಗ್ರೀಕ್ ರಾಯಭಾರಿಯ ಆಶ್ರಯದಲ್ಲಿದ್ದು ಸಿಕ್ಕಿಬಿದ್ದಾಗ ಸಂಬಂಧ ತಳ ಮುಟ್ಟಿತ್ತು. ಅದೇ ವರ್ಷದ ಆಗಸ್ಟ್ 17ರ ನಸುಕಿನಲ್ಲಿ ಇಜ್ಮಿತ್ ಭೂಕಂಪವಾಗಿ ಅಧಿಕೃತ ಲೆಕ್ಕದಲ್ಲೇ 17,000ಕ್ಕೂ ಹೆಚ್ಚು ಜನ ಸತ್ತರು. ಮೊದಲು ನೆರವಿಗೆ ಬಂದವರಲ್ಲಿ ಗ್ರೀಕ್ ರಕ್ಷಣಾ ತಂಡಗಳಿದ್ದವು. ಅವಶೇಷಗಳಡಿಯಿಂದ ಮಕ್ಕಳನ್ನು ಎತ್ತುತ್ತಿದ್ದ ಗ್ರೀಕರನ್ನು ಟರ್ಕಿಯ ಟಿವಿಗಳು ಗಂಟೆಗಟ್ಟಲೆ ತೋರಿಸಿದವು. ಬಾವುಟ ಕಿತ್ತಿದ್ದ ಅದೇ ಹುರಿಯೆತ್ ಈ ಬಾರಿ ಗ್ರೀಕ್ ಭಾಷೆಯಲ್ಲೇ ಧನ್ಯವಾದದ ತಲೆಬರಹ ಹಾಕಿತು. ಸೆಪ್ಟೆಂಬರ್ 7ರಂದು ಅಥೆನ್ಸ್‌ನಲ್ಲಿ ನೆಲ ನಡುಗಿದಾಗ ಟರ್ಕಿಯ ‘ಅಕೂತ್’ ಸ್ವಯಂಸೇವಕರು ವಿಮಾನ ಹತ್ತಿದರು, ಗ್ರೀಕ್ ವಾಹಿನಿಗಳು ಅವರನ್ನು ಅಷ್ಟೇ ಪ್ರೀತಿಯಿಂದ ತೋರಿಸಿದವು. ವಿದೇಶಾಂಗ ಮಂತ್ರಿಗಳಾದ ಇಸ್ಮಾಯಿಲ್ ಜೆಮ್ ಮತ್ತು ಜಾರ್ಜ್ ಪಾಪಾಂದ್ರೆಯು ಮೊದಲೇ ಆರಂಭಿಸಿದ್ದ ಮಾತುಕತೆಗೆ ಈಗ ಜನರ ಬೆಂಬಲ ಸಿಕ್ಕಿತು. ಡಿಸೆಂಬರ್‌ನಲ್ಲಿ ಹೆಲ್ಸಿಂಕಿಯಲ್ಲಿ ಟರ್ಕಿಯನ್ನು ಯುರೋಪಿಯನ್ ಒಕ್ಕೂಟದ ಸದಸ್ಯತ್ವದ ಅಭ್ಯರ್ಥಿಯೆಂದು ಒಪ್ಪಿಕೊಂಡಾಗ ಗ್ರೀಸ್ ಅಡ್ಡಗಾಲು ಹಾಕಲಿಲ್ಲ. ಪತ್ರಿಕೆಗಳು ಮಾರುಕಟ್ಟೆಯ ಕೈಗೊಂಬೆ, ಓದುಗ ಕೇಳಿದ್ದನ್ನೇ ಕೊಡುತ್ತವೆ ಎಂಬ ಸಮಜಾಯಿಷಿಯನ್ನು ನಾನು ಒಪ್ಪದಿರುವುದು ಆ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಕಾರಣಕ್ಕೆ. ಓದುಗರು ಅವರೇ, ಮಾಲೀಕರು ಅವರೇ, ಪೈಪೋಟಿ ಅದೇ. ಬದಲಾದದ್ದು ಏನನ್ನು ತೋರಿಸಬೇಕೆಂಬ ನಿರ್ಧಾರ.

ಬಂಡೆಗಳ ವ್ಯಾಜ್ಯ ಮಾತ್ರ ಯಾವ ನ್ಯಾಯಾಲಯದ ಮುಂದೂ ಹೋಗಿಲ್ಲ. 2018ರ ಫೆಬ್ರವರಿ 12ರ ರಾತ್ರಿ ಅಲ್ಲೇ ಹತ್ತಿರ ಟರ್ಕಿಯ ಕರಾವಳಿ ಕಾವಲು ಹಡಗೊಂದು ಗ್ರೀಸ್‌ನ ‘ಗಾವ್ದೋಸ್’ ಹಡಗಿಗೆ ಗುದ್ದಿತು. ಬೇಕೆಂದೇ ಗುದ್ದಿದರು ಎಂದಿತು ಗ್ರೀಸ್, ಇಲ್ಲವೆಂದಿತು ಟರ್ಕಿ. ಎರಡೂ ದೇಶಗಳ ವಾಹಿನಿಗಳು ತಮ್ಮ ತಮ್ಮ ಕಡೆಯ ಹೇಳಿಕೆ ಹಿಡಿದು ಕೂತವು. ಆದರೆ ಮರುದಿನ ಸಂಜೆಯೇ ಟರ್ಕಿಯ ಪ್ರಧಾನಿ ಬಿನಾಲಿ ಯಿಲ್ದಿರಿಮ್ ಗ್ರೀಸ್‌ನ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಅವರಿಗೆ ನೇರವಾಗಿ ಫೋನ್ ಮಾಡಿ ಮಾತಾಡಿದರು. ಬಂಡೆಯ ಮೇಲೆ ಯಾರೂ ಹತ್ತಲಿಲ್ಲ.